ಅಣ್ಣನ ಹೆಸರಿನ ಮುಯ್ಯಿ

ರೈಲ್ವೆ ಕ್ವಾರ್ಟರ್ಸ್, ಗುಂಜಿ
ತಾ. ೬ ಮೇ ೧೯೭೪

ಮನೆಯವರಿಗೆ ಸಿದ್ದಕ್ಕನ ನಮಸ್ಕಾರ.

ಲೋಂಡಾಕ್ಕೆ ಹೋಗಿ ಸಂಜೆಯೊಳಗೆ ಸೀಮೆಎಣ್ಣೆ ತರುತ್ತೇನೆಂದವರು ಬೆಳಗಾವಿಯ ಹಿಂಡಲಗಾ ಜೈಲಿಗೆ ಹೋಗಿ ಕುಳಿತಿರಿ. ಡಬ್ಬಿಯನ್ನಾದರೂ ಯಾರ ಕೈಯಲ್ಲಾದರೂ ಕೊಟ್ಟು ಕಳಿಸಬಹುದಿತ್ತು. ಅಲ್ಲಿಯ ಸಂಘದ ಸಭೆಯಿಂದಲೇ ನಿಮ್ಮನ್ನೂ ಬಾಜು ಮನೆಯ ಕಲ್ಲಯ್ಯನವರನ್ನೂ ಜೀಪಿನಲ್ಲಿ ಒಯ್ದರೆಂದು ಪಾಯಿಂಟ್ಸ್‌ಮನ್ ಬಂದು ಹೇಳಿದ. ಅವನು ಹೇಳುವಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು, ಅಷ್ಟೇ. ಅತ್ತೆನೆಂದು ತಿಳಿಯಬೇಡಿ.

ನನಗೊಂದು ಅರ್ಥವಾಗುವುದಿಲ್ಲ. ಮುಷ್ಕರ ಶುರುವಾಗುವುದು ಎಂಟನೆಯ ತಾರೀಖಿಗೆ. ನಿಮ್ಮನ್ನು ಹಿಡಿದದ್ದು ನಾಲ್ಕಕ್ಕೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ಕಂಡಿದ್ದೆ. ಕೂಸು ಹುಟ್ಟುವ ಮೊದಲೇ ಅದರ ಅಪ್ಪನನ್ನು ಒಳಗೆ ಹಾಕುವವರನ್ನು ಈಗಲೇ ನೋಡಿದ್ದು.

ನಿನ್ನೆ ರೈಲ್ವೆ ಇನ್ಸ್‌ಪೆಕ್ಟರ್ ಸಾಹೇಬರು ಕ್ವಾರ್ಟರ್ಸಿಗೆ ಬಂದಿದ್ದರು. ಎಲ್ಲ ಹೆಂಗಸರನ್ನು ನಲ್ಲಿಯ ಹತ್ತಿರ ನಿಲ್ಲಿಸಿ, "ಎಂಟನೇ ತಾರೀಖ ಮುಂಜಾನಿ ಯಾರ ಹಾಜರಿ ಇರೂದಿಲ್ಲೋ ಅವರಿಗೆ ನೌಕರಿನೂ ಇಲ್ಲ, ಮನಿನೂ ಇಲ್ಲ" ಅಂದರು. ಕಲ್ಲಯ್ಯನವರ ಗೌರವ್ವ ಬಿಡುವವಳೇ? "ಹಾಜರ ಆಗೋ ಮನಷ್ಯಾನ ನೀವ ಜೈಲಿನ್ಯಾಗ ಇಟ್ಟೀರಿ. ಮೊದಲ ಅವರನ್ನ ಬಿಡ್ರಿ, ಆಮ್ಯಾಲ ಹಾಜರಿ ಕೇಳ್ರಿ" ಅಂದಳು. ಸಾಹೇಬರು ಟೋಪಿ ಸರಿಮಾಡಿಕೊಂಡು ಹೋದರು.

ಊರಿಗೆ, ಪಾರಿಶ್ವಾಡಕ್ಕೆ ಸುದ್ದಿ ಕಳಿಸಿದ್ದೇನೆ. ನಿಮ್ಮ ತಮ್ಮ ಹಣಮಪ್ಪ ಬಂದರೂ ಬರಬಹುದು. ಮಕ್ಕಳಿಬ್ಬರೂ ಆರಾಮ. ಅಪ್ಪ ಎಲ್ಲಿ ಎಂದು ಕೇಳಿದರೆ ಬೆಳಗಾವಿಗೆ ಸಂತೆಗೆ ಹೋಗಿದ್ದಾರೆ ಎನ್ನುತ್ತೇನೆ. ದೊಡ್ಡವಳಿಗೆ ನಂಬಿಕೆ ಇಲ್ಲ.

ಸಿದ್ದಕ್ಕ


ಹಿಂಡಲಗಾ ಜೈಲು, ಬೆಳಗಾವಿ
ತಾ. ೧೧ ಮೇ ೧೯೭೪

ಸಿದ್ದಕ್ಕಗೆ ಮಾಯಪ್ಪನ ಆಶೀರ್ವಾದ.

ಈ ಪತ್ರವನ್ನು ನಿನಗಿಂತ ಮೊದಲು ಜೈಲರ್ ಸಾಹೇಬರು ಓದುತ್ತಾರೆ. ಅವರಿಗೂ ನಮಸ್ಕಾರ. ನಾನು ಆರಾಮ ಇದ್ದೇನೆಂದು ಬರೆದರೆ ಅವರಿಗೂ ಸಂತೋಷ, ನಿನಗೂ ಸಂತೋಷ.

ಖರೇ ಹೇಳಬೇಕೆಂದರೆ ಇಲ್ಲಿ ಒಂದೇ ಕಷ್ಟ, ಕೆಲಸವಿಲ್ಲ. ಇಷ್ಟು ವರ್ಷ ಮುಂಜಾನೆ ಸುತ್ತಿಗೆ ಹಿಡಿದು ಹಳಿಯ ಗುಂಟ ನಡೆದು, ಹಳಿಯನ್ನು ಹಿಡಿದಿಡುವ ಕಬ್ಬಿಣದ ಚಾವಿಗಳು ಸಡಿಲಾದಲ್ಲಿ ಬಡಿದು ಬಿಗಿಮಾಡಿ ಬಂದವನು ನಾನು. ಈಗ ಬರಾಕಿನ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತೇನೆ. ಕಲ್ಲಯ್ಯ ನಗುತ್ತಾನೆ. "ಕುಂದರೋ ಮಾರಾಯಾ, ನೆಲಕ್ಕ ಚಾವಿ ಇರೂದಿಲ್ಲ" ಅನ್ನುತ್ತಾನೆ. ನಾವಿಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತೇವೆ. ಅವನು ಜಂಗಮ, ನಾನು ಕುರಿ ಕಾಯುವವರ ಮಗ. ಮುಷ್ಕರದಿಂದ ಒಂದು ಒಳ್ಳೆಯದಾಯಿತೆಂದರೆ ಇದೇ.

ಮುಷ್ಕರಕ್ಕಿಂತ ಮೊದಲು ಯಾಕೆ ಹಿಡಿದರೆಂದು ಕೇಳಿದ್ದೀಯ. ನಾನೂ ಕೇಳಿದೆ. ದೇಶರಕ್ಷಣೆಯ ಕಾನೂನಂತೆ. ಯುದ್ಧದ ಕಾಲಕ್ಕೆ ಮಾಡಿದ್ದು. ಯುದ್ಧ ಮುಗಿದು ಎರಡು ಮಳೆಗಾಲ ಹೋದವಲ್ಲ ಎಂದರೆ, ಕಾನೂನು ಇನ್ನೂ ಮುಗಿದಿಲ್ಲ ಅಂದರು. ಎಂಟು ತಾಸಿನ ಕೆಲಸ, ಹೊಟ್ಟೆ ತುಂಬುವ ಪಗಾರ ಕೇಳಿದ್ದಕ್ಕೆ ನಾನು ಈಗ ದೇಶಕ್ಕೆ ವೈರಿ. ನೋಟಿಸು ಕೊಟ್ಟು, ತಾರೀಖು ಹೇಳಿ, ಹಗಲು ಹೊತ್ತಿನಲ್ಲಿ "ಒಲ್ಲೆ" ಅಂದವನನ್ನು ಕಳ್ಳನ ಹಾಗೆ ಹಿಡಿದರೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ.

ಹಣಮಪ್ಪ ಬಂದರೆ ಮಳೆಗೆ ಮುಂಚೆ ಹಿತ್ತಲ ಕಡೆಯ ಹಂಚು ಸರಿಮಾಡಲು ಹೇಳು. ಅವನ ಹೊಲದಲ್ಲಿ ಈಗ ಕೆಲಸ ಕಡಿಮೆ. ಆದರೆ ರೋಹಿಣಿ ಮಳೆ ಬೀಳುವುದರೊಳಗೆ ವಾಪಸು ಕಳಿಸು.

ಮಾಯಪ್ಪ


ಗುಂಜಿ
ತಾ. ೧೫ ಮೇ ೧೯೭೪

ಮನೆಯವರಿಗೆ,

ನಿಮ್ಮ ಪತ್ರ ಮುಟ್ಟಿತು. ಹಣಮಪ್ಪ ಬಂದಿದ್ದಾನೆ. ಬರುವಾಗ ಜೋಳ, ಬೆಲ್ಲ, ಒಂದು ಕೋಳಿ ತಂದ. ಕೋಳಿಯನ್ನು ಮಕ್ಕಳು ಸಾಕುತ್ತೇವೆಂದು ಹಟ ಹಿಡಿದಿದ್ದಾರೆ. ಮುಂಜಾನೆ ರೊಟ್ಟಿ ಕಟ್ಟಿಕೊಂಡು ಹೋಗುತ್ತಾನೆ, ಸಂಜೆಗೆ ಬರುತ್ತಾನೆ. ಹೆಗಲು ಸುಟ್ಟು ಕರಿದಾಗಿವೆ. ಹಂಚು ಇನ್ನೂ ಆಗಿಲ್ಲ.

ಸಾಹೇಬರು ನಮ್ಮ ಮನೆಯ ತಂಟೆಗೆ ಬಂದಿಲ್ಲ. ನಲ್ಲಿಯಲ್ಲಿ ನೀರು ಇದೆ. ಬೀರದೇವರ ದಯೆ ಎಂದುಕೊಳ್ಳಿ, ಹೆಚ್ಚು ಕೇಳಬೇಡಿ. ಗೌರವ್ವ ತವರಿಗೆ ಹೋದಳು. ಮಾತಾಡಿಸಿ ಹೋಗಲಿಲ್ಲ. ಅವಸರದಲ್ಲಿದ್ದಳು.

ರೈಲುಗಳು ಬಹಳ ಇಲ್ಲ. ಆಗೊಮ್ಮೆ ಈಗೊಮ್ಮೆ ಮಿಲಿಟರಿಯವರು ಒಂದು ಗೂಡ್ಸ್ ಓಡಿಸುತ್ತಾರೆ. ಅದು ಹೋಗುವಾಗ ಮಕ್ಕಳು ಕೈ ಬೀಸಿದರೂ ಯಾರೂ ಬೀಸುವುದಿಲ್ಲ.

ನೀವು ಸುಮ್ಮನೆ ಸಿಟ್ಟು ಮಾಡಿಕೊಳ್ಳಬೇಡಿ. ಹೊಟ್ಟೆ ತುಂಬ ಉಣ್ಣಿರಿ. ಕಲ್ಲಯ್ಯನವರ ಸಂಗಡ ಹೊಂದಿಕೊಂಡು ಇರ್ರಿ.

ಸಿದ್ದಕ್ಕ


ಹಿಂಡಲಗಾ ಜೈಲು
ತಾ. ೨೨ ಮೇ ೧೯೭೪

ಸಿದ್ದಕ್ಕಗೆ,

ಕಲ್ಲಯ್ಯನ ಸಂಗಡ ಹೊಂದಿಕೊಂಡಿರಿ ಎಂದು ಬರೆದೆಯಲ್ಲ, ಯಾಕೆ ಬರೆದೆ? ನಿನ್ನ ಪತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿತ್ತು. ಆಗ ನನಗೆ ಹೊಳೆಯಲಿಲ್ಲ. ಸಾಹೇಬರು ನೋಟಿಸಿಗೆ ಹೆದರಿದರು, ನಮ್ಮ ಸಂಘದ ಬಲ ಕಂಡು ಮನೆಗಳ ತಂಟೆ ಬಿಟ್ಟರು ಎಂದು ನಾನು ಬರಾಕಿನಲ್ಲಿ ಎಲ್ಲರ ಮುಂದೆ ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದೆ.

ಶನಿವಾರ ಗೌರವ್ವ ಭೇಟಿಗೆ ಬಂದಿದ್ದಳು. ಜಾಲರಿಯ ಆಚೆ ನಿಂತು ನನ್ನನ್ನು ಒಮ್ಮೆ ನೋಡಿ ಮುಖ ತಿರುವಿದಳು. ಅಂದು ಸಂಜೆ ಕಲ್ಲಯ್ಯ ತನ್ನ ತಾಟು ತೆಗೆದುಕೊಂಡು ಮೂಲೆಗೆ ಹೋಗಿ ಕುಳಿತ. ಉಳಿದವರೂ ನನ್ನನ್ನು ನೋಡಿದರೆ ಮಾತು ನಿಲ್ಲಿಸುತ್ತಾರೆ. ಒಬ್ಬ ಮಾತ್ರ, "ನಿನಗೇನಪಾ, ಮನಿ ಅದ, ನಲ್ಲ್ಯಾಗ ನೀರು ಅದ" ಅಂದ. ಜೈಲರನ್ನು ಬಿಟ್ಟರೆ ನನಗೊಬ್ಬನಿಗೇ ನೀನು ಬರೆದ ನೀರಿನ ಮಾತು ಅವನಿಗೆ ಹೇಗೆ ಗೊತ್ತು?

ನಿನ್ನೆ ವಕೀಲ ಬಾಳಾಸಾಹೇಬರು ಬಂದರು. ಸಂಘದ ಕಡೆಯಿಂದ ನಮ್ಮೆಲ್ಲರ ಕೇಸು ನೋಡುವವರು ಅವರೇ. ನನ್ನನ್ನು ಬಾಜು ಕರೆದು ನಕ್ಕರು. "ಮಾಯಪ್ಪಾ, ಎಲ್ಲಾರಕಿಂತ ನಿನ್ನ ಕೇಸ ಸೋಪಾ, ಹಗೂರ. ರೈಲ್ವೆದವರ ಹೇಳಾಕತ್ತಾರ, ನೀ ಎಂಟನೇ ತಾರೀಖಿನಿಂದ ದಿನಾ ಕೆಲಸಕ್ಕ ಹಾಜರ ಇದ್ದೀ ಅಂತ. ಹಾಜರ ಇದ್ದಾವ ಮುಷ್ಕರ ಹ್ಯಾಂಗ ಮಾಡ್ತಾನ?" ಅಂದರು. ನಾನೂ ನಗಬೇಕೆಂದುಕೊಂಡೆ. ನಗು ಬರಲಿಲ್ಲ.

ಒಬ್ಬ ಮಾಯಪ್ಪ ಇಲ್ಲಿ ಹಿಂಡಲಗಾದಲ್ಲಿ ಗಂಜಿ ಕುಡಿಯುತ್ತಿದ್ದಾನೆ. ಇನ್ನೊಬ್ಬ ಮಾಯಪ್ಪ ಗುಂಜಿಯಲ್ಲಿ ಚಾವಿ ಬಡಿಯುತ್ತಿದ್ದಾನೆ. ಆ ಇನ್ನೊಬ್ಬ ಯಾರು, ಸಿದ್ದಕ್ಕ? ಮುಂಜಾನೆ ರೊಟ್ಟಿ ಕಟ್ಟಿಸಿಕೊಂಡು ಹೋಗುವವನು ಎಲ್ಲಿಗೆ ಹೋಗುತ್ತಾನೆ? ಬಿಡಿಸಿ ಬರೆ.

ಮಾಯಪ್ಪ


ಗುಂಜಿ
ತಾ. ೨೫ ಮೇ ೧೯೭೪

ಬಿಡಿಸಿ ಬರೆ ಅಂದಿರಿ. ಬರೆಯುತ್ತೇನೆ. ಜೈಲರ್ ಸಾಹೇಬರೂ ಓದಲಿ.

ಹಣಮಪ್ಪ ಬಂದ ದಿನ ನಾನು ಸಾಹೇಬರ ಧಮಕಿಯ ಮಾತು ಹೇಳಿದೆ. ಅವನು ಒಲೆಯ ಮುಂದೆ ಕುಳಿತು ಕಟ್ಟಿಗೆ ಒಳಗೆ ನೂಕಿದ. ಆಮೇಲೆ ಅಂದ: "ವೈನಿ, ಅಣ್ಣ ಇಲ್ಲ, ಅಣ್ಣನ ಕೆಲಸ ನಿಂತೈತಿ. ಕೆಲಸ ನಿಂತ್ರ ಮನಿ ಹೋಗತೈತಿ. ನಮ್ಮ ಹೊಲದಾಗ ಯಾರರೆ ಬ್ಯಾನಿ ಬಿದ್ರ ಏನ ಮಾಡ್ತೀವಿ? ಮುಯ್ಯಾಳ ಹೋಗ್ತೀವಿ. ಅವರ ಆಳು ನಮಗ, ನಮ್ಮ ಆಳು ಅವರಿಗೆ. ನಾ ಅಣ್ಣಗ ಮುಯ್ಯಿ ಮಾಡ್ತೀನಿ." ಹಳಿಯ ಕೆಲಸ ನಿನಗೆ ಬರುತ್ತದೆಯೇ ಎಂದೆ. "ಸುಗ್ಗಿ ಮುಗದ ಮ್ಯಾಲ ವರ್ಷಾ ಬಂದು ಅಣ್ಣನ ಬೆನ್ನ ಹಿಂದ ಅಡ್ಯಾಡಿಲ್ಲೇನು? ಚಾವಿ ಅಂದ್ರ ಚಾವಿ" ಅಂದ.

ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಮ್ಮ ಊರಿನಲ್ಲಿ ಹೀಗೆ ಬಂದವನಿಗೆ ಕಾಲು ತೊಳೆಯಲು ನೀರು ಕೊಡುತ್ತೇವೆ. ಎಂಟನೆಯ ತಾರೀಖು ಅವನು ನಿಮ್ಮ ಸುತ್ತಿಗೆ ಹೊತ್ತು ಹೋಗಿ ಸಾಹೇಬರ ಮುಂದೆ ನಿಂತು, ಅಣ್ಣನ ಬದಲಿಗೆ ಬಂದಿದ್ದೇನೆ ಅಂದ. ಸಾಹೇಬರು ಮೊದಲು ಬೆರಗಾದರಂತೆ. ಆಮೇಲೆ "ಶಾಬಾಸ್ ಮಾಯಪ್ಪಾ" ಅಂದರಂತೆ. ನಾನು ಹಣಮಪ್ಪ ಎಂದು ಇವನು ಹೇಳಿದರೂ ಅವರು ಮಾಯಪ್ಪ ಎಂದೇ ಕರೆದು, ಹಾಜರಿಯಲ್ಲೂ ಹಾಗೇ ಬರೆದುಕೊಂಡರಂತೆ. ಇವನಿಗೆ ಅದು ಪ್ರೀತಿಯ ಮಾತೆಂದು ಅನಿಸಿತು. ಪಗಾರ ಕೊಡಲು ಬಂದರೆ, ಮುಯ್ಯಿಗೆ ಯಾರೂ ಪಗಾರ ಮುಟ್ಟುವುದಿಲ್ಲ ಅಂದುಬಂದ.

ಹತ್ತನೆಯ ತಾರೀಖು ಪೋಲೀಸರನ್ನು ಕರೆದುಕೊಂಡು ಬಂದು ಒಂದೊಂದೇ ಮನೆ ಖಾಲಿ ಮಾಡಿಸಿದರು. ನಲ್ಲಿ ಬಂದ್ ಮಾಡಿದರು. ಗೌರವ್ವನ ಕೊಡ, ಬುಟ್ಟಿ, ಲಿಂಗದ ಗೂಡಿನ ಹಿತ್ತಾಳೆ ತಟ್ಟೆ ಎಲ್ಲ ಅಂಗಳದಲ್ಲಿ ಬಿದ್ದವು. ನಮ್ಮ ಬಾಗಿಲಿಗೆ ಬಂದಾಗ ಸಾಹೇಬರು, "ಇದು ಬ್ಯಾಡ, ಇವನು ನಿಷ್ಠಾವಂತ" ಅಂದು ಮುಂದೆ ನಡೆದರು. ನಮಗೆ ಮಾತ್ರ ನಲ್ಲಿ ಬಿಟ್ಟರು. ನಾನು ಕೊಡ ಹಿಡಿದು ಗೌರವ್ವನ ಹತ್ತಿರ ಹೋದೆ. ನೀರು ಮುಟ್ಟಲಿಲ್ಲ. "ನಿನ್ನ ಗಂಡ ಒಳಗ ಅದಾನೋ ಹೊರಗ ಅದಾನೋ ಮೊದಲ ಖಾತ್ರಿ ಮಾಡಕೋ" ಅಂದಳು. ಅಂದು ನನಗೆ ತಿಳಿಯಿತು, ಹಣಮಪ್ಪ ನಮಗೆ ಮಾಡಿದ್ದು ಮುಯ್ಯಿ, ಉಳಿದವರಿಗೆ ಮಾಡಿದ್ದು ದ್ರೋಹ. ತಿಳಿದ ಮೇಲೂ ನಾನು ನಿಮಗೆ ಬರೆಯಲಿಲ್ಲ. ಮಕ್ಕಳು ಮಾಡಿನ ಕೆಳಗೆ ಮಲಗಿದ್ದವು.

ಹಣಮಪ್ಪ ಅದನ್ನೆಲ್ಲ ನೋಡಿರಲಿಲ್ಲ, ಹಳಿಯ ಮೇಲಿದ್ದ. ಎಲ್ಲರೂ ತಮ್ಮ ತಮ್ಮ ಊರಿಗೆ ಹೋದರೆಂದು ಹೇಳಿ ನಾನೂ ಮುಚ್ಚಿಟ್ಟೆ. ಗೌರವ್ವ ಬೆಳಗಾವಿಯಿಂದ ಬರುತ್ತ ಹಾದಿಯಲ್ಲಿ ಅವನನ್ನೇ ತಡೆದು ಹೇಳಿದಳು. ಬಂದು ಸುತ್ತಿಗೆಯನ್ನು ಮೂಲೆಯಲ್ಲಿ ಇಟ್ಟ. ಉಣ್ಣಲಿಲ್ಲ. ಮರುದಿನ ಒಲ್ಲೆ ಎಂದು ಹೇಳಲು ಹೋದರೆ ಸಾಹೇಬರು, ಈಗ ಬಿಟ್ಟರೆ ಸುಳ್ಳು ಹೆಸರಿನಿಂದ ರೈಲ್ವೆಯೊಳಗೆ ಹೊಕ್ಕ ಕೇಸು ಹಾಕುತ್ತೇನೆ ಅಂದರಂತೆ. ಅತ್ತ ದರಿ, ಇತ್ತ ಪುಲಿ. ಇಂದಿಗೂ ಹೋಗುತ್ತಿದ್ದಾನೆ, ಆದರೆ ತಲೆ ತಗ್ಗಿಸಿಕೊಂಡು.

ಇನ್ನು ನನ್ನ ಸಿಟ್ಟು. ಮುಷ್ಕರ ಮಾಡುವಾಗ ನೀವು ನನ್ನನ್ನು ಕೇಳಲಿಲ್ಲ. ಮಾಫಿ ಬರೆದುಕೊಟ್ಟರೆ ಅಂದೇ ಬಿಡುತ್ತೇವೆಂದು ಅವರು ನಿಮಗೆ ಹೇಳಿದ್ದನ್ನು ನೀವು ನನಗೆ ಬರೆಯಲಿಲ್ಲ. ಗೌರವ್ವ ಹಾದಿಯಲ್ಲಿ ಹಣಮಪ್ಪನಿಗೆ ಬೈದ ಮಾತಿನಿಂದ ತಿಳಿಯಬೇಕಾಯಿತು. ನೀವು ಮುಚ್ಚಿಟ್ಟದ್ದು ಮರ್ಯಾದೆ, ನಾನು ಮುಚ್ಚಿಟ್ಟದ್ದು ಮೋಸ, ಹೀಗೆನ್ನಬೇಡಿ. ನೀವು ಮಾಫಿ ಬರೆಯಲಿಲ್ಲವೆಂದು ತಿಳಿದಾಗ ನನಗೆ ಹೆಮ್ಮೆಯಾಯಿತು. ಆಮೇಲೆ ಅಳುವೂ ಬಂತು. ಎರಡನ್ನೂ ಬರೆದಿದ್ದೇನೆ.

ಸಿದ್ದಕ್ಕ


ಹಿಂಡಲಗಾ ಜೈಲು
ತಾ. ೪ ಜೂನ್ ೧೯೭೪

ಸಿದ್ದಕ್ಕ,

ಮುಷ್ಕರ ಹಿಂದಕ್ಕೆ ತೆಗೆದರು. ನಿನಗೂ ಗೊತ್ತಾಗಿರುತ್ತದೆ. ಏನೂ ಸಿಗಲಿಲ್ಲ. ಹೊರಗೆ ಹೋದ ಮೇಲೆ ಕೆಲಸವೂ ಇಲ್ಲವೆಂದು ಒಬ್ಬೊಬ್ಬರಿಗೆ ಚೀಟಿ ಬರುತ್ತಿದೆ. ನನಗೊಬ್ಬನಿಗೆ ಮೊದಲು ಬರಲಿಲ್ಲ. ನನ್ನ ಹೆಸರು ನಿಷ್ಠಾವಂತರ ಕಡೆಗಿತ್ತು. ಪಗಾರ ಏರುತ್ತದೆ, ನಾಳೆ ಮಗನಿಗೂ ರೈಲ್ವೆಯಲ್ಲಿ ನೌಕರಿ ಸಿಗುತ್ತದೆ ಎಂದು ಬಾಳಾಸಾಹೇಬರು ಹೇಳಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ನೀನು ಬಾಯಿ ಮುಚ್ಚಿಕೊಂಡಿರು ಸಾಕು ಅಂದರು. ಬಾಯಿ ತೆರೆದರೆ ಹಣಮಪ್ಪನ ಮೇಲೆ ಕೇಸು.

ನಾಲ್ಕು ದಿನ ನನಗೆ ಅನ್ನ ಸೇರಲಿಲ್ಲ. ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಹಣಮಪ್ಪನ ಮೇಲೆ ಸಿಟ್ಟಿಲ್ಲವೆಂದರೆ ಸುಳ್ಳಾಗುತ್ತದೆ. ಒಮ್ಮೆ ಅವನನ್ನು ಹೊಡೆಯಬೇಕೆನಿಸಿತು, ಒಮ್ಮೆ ಅವನ ಸುಟ್ಟ ಹೆಗಲಿಗೆ ಎಣ್ಣೆ ಹಚ್ಚಬೇಕೆನಿಸಿತು. ನಿನ್ನ ಮೇಲೂ ಹಾಗೆಯೇ. ನಾನು ನಿನ್ನನ್ನು ಕೇಳದೆ ಹೊರಟವನು. ಒಲೆಯ ಮುಂದೆ ನೀನೊಬ್ಬಳೇ ಏನು ಮಾಡಬೇಕಿತ್ತೆಂದು ಹೇಳಲು ನನಗೆ ಬಾಯಿಲ್ಲ.

ಮೊನ್ನೆ ಹುಬ್ಬಳ್ಳಿಯಿಂದ ವಿಚಾರಣೆಗೆ ರೈಲ್ವೆಯ ದೊಡ್ಡ ಸಾಹೇಬರೊಬ್ಬರು ಬಂದರು. ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿದ್ದರು. ಕಲ್ಲಯ್ಯ ಗೋಡೆಗೆ ಮುಖ ಮಾಡಿ ಕುಳಿತಿದ್ದ. ನನ್ನ ಸರದಿ ಬಂತು. "ನೀ ಕೆಲಸದ ಮ್ಯಾಲ ಇದ್ದೆಲ್ಲಾ, ಹೌದಿಲ್ಲೋ?" ಅಂದರು. ಹೌದೆಂದು ತಲೆ ಆಡಿಸಿದ್ದರೆ ಮುಗಿಯುತ್ತಿತ್ತು.

ನಾನಂದೆ: "ಇಲ್ಲರಿ. ನಾ ಮುಷ್ಕರದಾಗ ಇದ್ದೆ. ಹಳಿ ಮ್ಯಾಲ ಇದ್ದಾವ ನನ್ನ ತಮ್ಮ. ಅಂವ ಪಗಾರ ಮುಟ್ಟಿಲ್ಲ, ಹೆಸರೂ ಸುಳ್ಳ ಹೇಳಿಲ್ಲ. ನಮ್ಮ ಕಡೆ ಅದಕ್ಕ ಮುಯ್ಯಿ ಅಂತಾರ. ಒಲ್ಲೆ ಅಂದಾಗೂ ಹೆದರಿಸಿ ಎಳಕೊಂಡ ಹೋದ್ರಲ್ಲಾ, ಅದಕ್ಕ ಬಿಟ್ಟಿ ಅಂತಾರ. ಮೊದಲನೇದ ಅವನ ಕಡೆ, ಎರಡನೇದ ನಿಮ್ಮ ಕಡೆ."

ಸಾಹೇಬರು ಕೆಂಪಾದರು. ಕೇಸು ಹಾಕಿಸುತ್ತೇನೆ ಅಂದರು. ಆಗ ಬಾಳಾಸಾಹೇಬರು ಕನ್ನಡಕ ಒರೆಸುತ್ತ, "ಹಾಕ್ರಿ. ಮಿಲಿಟರಿ ಗಾಡಿ ಓಡೂ ಹಳಿಗೆ ನಿಮ್ಮ ಇನ್ಸ್‌ಪೆಕ್ಟರ್ ಒಬ್ಬ ರೈತನ ಕಡೆಯಿಂದ ಚಾವಿ ಬಡಸ್ಯಾರ ಅಂತ ಕೋರ್ಟಿನ್ಯಾಗ ನಾನ ಹೇಳ್ತೀನಿ" ಅಂದರು. ಆ ಮೇಲೆ ಕೇಸಿನ ಮಾತು ಬರಲಿಲ್ಲ. ಹಣಮಪ್ಪನಿಗೆ ಹೇಳು, ನಾಳೆಯಿಂದ ಹೋಗಬೇಕಿಲ್ಲ.

ಸಂಜೆಗೆ ನನ್ನ ಚೀಟಿಯೂ ಬಂತು. ನೌಕರಿ ಹೋಯಿತು, ಸಿದ್ದಕ್ಕ. ಈ ಸಲವೂ ನಿನ್ನನ್ನು ಕೇಳಲಿಲ್ಲ. ಕೇಳಲು ಹೊತ್ತಿರಲಿಲ್ಲ ಎಂದರೆ ನೀನು ನಂಬುವುದಿಲ್ಲ, ನಂಬಬೇಡ. ಅವರು ಬಂದು ಅಂಗಳಕ್ಕೆ ಎಸೆಯುವ ಮೊದಲೇ ನೀನೇ ಕೊಡ ಬುಟ್ಟಿ ಹೊರಗಿಡು.

ಉಣ್ಣುವ ಹೊತ್ತಿಗೆ ಕಲ್ಲಯ್ಯ ತಾಟು ತಂದು ನನ್ನ ಮುಂದೆ ಇಟ್ಟ. ಇಬ್ಬರೂ ಉಂಡೆವು.

ಮಾಯಪ್ಪ


ಪಾರಿಶ್ವಾಡ
ತಾ. ೧೬ ಜೂನ್ ೧೯೭೪

ಮನೆಯವರಿಗೆ,

ಕೊಡ, ಬುಟ್ಟಿ, ಮಕ್ಕಳು, ಕೋಳಿ ಎಲ್ಲ ಪಾರಿಶ್ವಾಡಕ್ಕೆ ಬಂದೆವು. ಸಾಮಾನು ಗಾಡಿಗೆ ಹೇರುವಾಗ ಗೌರವ್ವ ಎಲ್ಲಿಂದಲೋ ಬಂದು ಒಂದು ತುದಿ ಹಿಡಿದಳು. ನಾನು ಬೈಯಬಹುದಿತ್ತು. ನೀರು ಕೇಳಿದಳು, ಕೊಟ್ಟೆ.

ನೀವು ಮಾಡಿದ್ದು ಸರಿಯೋ ತಪ್ಪೋ ನನ್ನನ್ನು ಕೇಳಬೇಡಿ. ಮಕ್ಕಳ ಹೊಟ್ಟೆ ನೋಡಿದರೆ ತಪ್ಪು ಅನಿಸುತ್ತದೆ. ಗೌರವ್ವನ ಮುಖ ನೋಡಿದರೆ ಸರಿ ಅನಿಸುತ್ತದೆ. ದಿನಕ್ಕೆ ಎರಡೂ ಅನಿಸುತ್ತವೆ.

ರೋಹಿಣಿ ಮಳೆ ಹೋಯಿತು. ಹಳಿಯ ಮೇಲೆ ತಿರುಗಿದ ದಿನಗಳಲ್ಲಿ ಹಣಮಪ್ಪನ ಹೊಲ ಹಾಗೆಯೇ ಬಿದ್ದಿತ್ತು. ಊರಿನವರೆಲ್ಲರ ಭತ್ತ ಮೊಳಕೆಯೊಡೆದಿದೆ. ಅವನು ಹೊಲದ ಮಾತೆತ್ತುವುದಿಲ್ಲ, ಅಣ್ಣನ ಮುಖ ಹೇಗೆ ನೋಡಲಿ ಎನ್ನುವುದೊಂದೇ ಮಾತು. ಬಿಟ್ಟ ದಿನ ನೇರ ಇಲ್ಲಿಗೆ ಬನ್ನಿ. ನೀವು ತೀರಿಸಬೇಕಾದ ಮುಯ್ಯಿ ಇದೆ.

ಸಿದ್ದಕ್ಕ


ಹಿಂಡಲಗಾ ಜೈಲು
ತಾ. ೨೧ ಜನವರಿ ೧೯೮೨

ಸಿದ್ದಕ್ಕಗೆ, ಬಾಣಂತಿ ಬಾಳವ್ವನಿಗೆ, ಮಾಯಪ್ಪನ ಆಶೀರ್ವಾದ.

ಮೇಲಿನ ವಿಳಾಸ ನೋಡಿ ನೀನು ಹಣೆ ಬಡಿದುಕೊಂಡಿರುತ್ತೀ. ಹೌದು, ಅದೇ ಜೈಲು, ಅದೇ ಬರಾಕು. ಸುಣ್ಣ ಮಾತ್ರ ಹೊಸದು. ಹಣಮಪ್ಪ ಇನ್ನೂ ಯಾಕೆ ಬರಲಿಲ್ಲವೆಂದು, ಬಾಣಂತನ ಮಾಡಲು ಹೋದ ನೀನೂ ಅವನ ಹೆಂಡತಿಯೂ ಪಾರಿಶ್ವಾಡದಲ್ಲಿ ಹಾದಿ ನೋಡುತ್ತಿರಬಹುದು. ಅವನು ನನ್ನ ಬಾಜು ಕುಳಿತಿದ್ದಾನೆ. ಬಾಳವ್ವನಿಗೆ ನೀನೇ ಮೆಲ್ಲಗೆ ಹೇಳು. ಕೂಸಿಗೆ ಹಾಲು ಕುಡಿಸಿಯಾದ ಮೇಲೆ ಹೇಳು.

ಎಪ್ಪತ್ತೇಳರಲ್ಲಿ ಸರಕಾರ ಬದಲಾಗಿ ನೌಕರಿ ವಾಪಸು ಬಂದಾಗ, ಇನ್ನು ಅಂಥ ಕಾಲ ಬರುವುದಿಲ್ಲವೆಂದು ಹೇಳಿದ್ದೆ. ನೀನು ನಂಬಿರಲಿಲ್ಲ. ನಿನ್ನ ಮಾತೇ ಖರೇ ಆಯಿತು. ಆಗ ಯುದ್ಧದ ಕಾನೂನಿನ ಹಚ್ಚಡ ಹೊದ್ದುಕೊಂಡು ಬಂದಿದ್ದರು. ಈಗ ಹೋದ ವರ್ಷ ಮುಷ್ಕರಕ್ಕೆಂದೇ ಕಾನೂನು ಮಾಡಿದ್ದಾರೆ. ಹೊತ್ತು ಮುಗಿದ ಮೇಲೆ ಇನ್ನೂ ದುಡಿ ಅಂದಾಗ ಒಲ್ಲೆ ಅಂದರೂ ಅದು ಮುಷ್ಕರ. ಮುಷ್ಕರ ಮಾಡಿದವನಿಗೆ ದುಡ್ಡು ಕೊಟ್ಟವನೂ ಅಪರಾಧಿ. ಹಿಡಿಯಲು ವಾರಂಟ್ ಬೇಕಿಲ್ಲ. ಅದರ ವಿರುದ್ಧವೇ ಹತ್ತೊಂಬತ್ತನೆಯ ತಾರೀಖು ದೇಶದ ತುಂಬ ಬಂದ್ ಇಟ್ಟಿದ್ದರು. ನಾವು ಗುಂಜಿಯವರು ಕೆಲವರೇ ಸ್ಟೇಶನ್ನಿನ ಹೊರಗೆ ಮಾವಿನ ಮರದ ಕೆಳಗೆ ಕುಳಿತೆವು. ಬಹಳ ಮಂದಿ ಬರಲಿಲ್ಲ. ಎಪ್ಪತ್ತನಾಲ್ಕರ ಹೆದರಿಕೆ ಇನ್ನೂ ಹೋಗಿಲ್ಲ. ಕಲ್ಲಯ್ಯ ಮೊಣಕಾಲು ನೋವಿದ್ದರೂ ಬಂದ. ನಿನಗೆ ಈ ಸಲ ಮೊದಲೇ ಹೇಳಿದ್ದೆ. ಕೂಡ್ರಿ ಎಂದವಳು ನೀನೇ, ಮರೆಯಬೇಡ.

ಹಣಮಪ್ಪ ಗಂಡು ಹುಟ್ಟಿದ ಬೆಲ್ಲ ಹಂಚಲು ಬಂದಿದ್ದ. ನಮ್ಮನ್ನು ನೋಡಿ ದೂರದಲ್ಲೇ ನಿಂತ. ಆ ಎಪ್ಪತ್ತನಾಲ್ಕರ ನಂತರ ಅವನು ಗುಂಜಿಯ ಹಳಿ ದಾಟುವಾಗಲೆಲ್ಲ ತಲೆ ತಗ್ಗಿಸುತ್ತಾನೆ, ನಿನಗೆ ಗೊತ್ತು. ಆ ಮಳೆಗಾಲ ನಾನು ಅವನ ಹೊಲದಲ್ಲಿ ದುಡಿದು ದಿನಕ್ಕೆ ದಿನ ತೀರಿಸಿದೆ. ಆದರೂ ಅವನ ತಲೆ ಏಳಲಿಲ್ಲ. ಹತ್ತಿರ ಬಂದು ಅಂದ: "ಅಣ್ಣಾ, ಈ ಸಲ ಕೇಳಿ ಮಾಡ್ತೀನಿ. ನಾ ಏನ ಮಾಡಿದ್ರ ನಿನಗ ಮುಯ್ಯಿ ಆಗತೈತಿ?"

ನಾನು, ಬೆಲ್ಲ ಕೊಟ್ಟು ಮನೆಗೆ ಹೋಗು, ಹಸಿ ಬಾಣಂತಿ ಇದ್ದಾಳೆ, ನಮಗೆ ಏನು ಕೊಟ್ಟರೂ ಈಗ ಅಪರಾಧ ಅಂದೆ. ಅವನು ಬೆಲ್ಲದ ಗಂಟು ಬಿಚ್ಚಿ ಎಲ್ಲರಿಗೂ ಹಂಚಿದ. ಕಲ್ಲಯ್ಯನ ಮುಂದೆ ಕಡೆಗೆ ಬಂದು ಗಂಟನ್ನೇ ಚಾಚಿದ. ಕಲ್ಲಯ್ಯ ಎರಡು ತುಂಡು ತೆಗೆದುಕೊಂಡ. ಆಮೇಲೆ ಹಣಮಪ್ಪ ತಲೆಯ ಪಟಗಾ ಬಿಚ್ಚಿ ಹಾಸಿ ನನ್ನ ಬಾಜು ಕುಳಿತ. "ಅಂದ ನೀವು ಕುಂತಾಗ ನಾ ದುಡದೆ. ಇಂದ ನೀವು ಕುಂತ್ರ ನಾನೂ ಕುಂದರತೀನಿ" ಅಂದ.

ಮಧ್ಯಾಹ್ನಕ್ಕೆ ಖಾನಾಪುರದಿಂದ ಪೋಲೀಸ್ ಜೀಪು ಬಂತು. ಫೌಜದಾರರು ಒಬ್ಬೊಬ್ಬರ ಹೆಸರು ಕೇಳುತ್ತ ಬಂದರು. ಹಣಮಪ್ಪನ ಧೋತರ ನೋಡಿ, "ನೀ ರೈಲ್ವೆದಾವ ಅಲ್ಲ, ಏಳ, ಮನಿಗಿ ಹೋಗು" ಅಂದರು. ನಾನೂ ಅವನ ರಟ್ಟೆ ಹಿಡಿದು ಎಬ್ಬಿಸಲು ನೋಡಿದೆ. ಅವನು ನನ್ನ ಕೈ ತೆಗೆದ. ತಲೆ ಎತ್ತಿ ಫೌಜದಾರರ ಮುಖ ನೋಡಿದ. ಅವನು ಹಾಗೆ ನೋಡಿದ್ದನ್ನು ಎಂಟು ವರ್ಷದಲ್ಲಿ ನಾನು ಕಂಡಿರಲಿಲ್ಲ.

"ಬರಕೋರಿ ಸಾಹೇಬ್ರ. ಹಣಮಪ್ಪ, ಪಾರಿಶ್ವಾಡ. ಹಿಂದಕೊಮ್ಮೆ ಇದ ಜಾಗಾದಾಗ ನಾ ಹಣಮಪ್ಪ ಅಂದ್ರ ನಿಮ್ಮಂಥಾವರು ಮಾಯಪ್ಪ ಅಂತ ಬರಕೊಂಡ್ರು. ಈ ಸಲ ನನ್ನ ಹೆಸರ ಬರೀರಿ" ಅಂದ.

ಅವರು ಬರೆದುಕೊಂಡರು. ಅವನು ಬಾಗಿ, ಸರಿಯಾಗಿ ಬರೆದರೋ ಇಲ್ಲವೋ ಎಂದು ನೋಡಿ, ತಾನೇ ಹೋಗಿ ಜೀಪು ಹತ್ತಿದ.

ಮಾಯಪ್ಪ